ಚಿಕ್ಕಮ್ಮನ ಹುಳಗಳೂ ಚಿಕ್ಕಪ್ಪನ ಸೌದೆಯೂ

ನಮ್ಮ ಚಿಕ್ಕಮ್ಮನನ್ನು ಮದುವೆಗೆ ಕರೆಯಲು ಬರುವವರು ಲಗ್ನಪತ್ರಿಕೆ ಕೈಗಿಟ್ಟು, ಕಾಫಿ ಕುಡಿದು, ಹೊಸ್ತಿಲು ದಾಟುವಾಗ ದನಿ ತಗ್ಗಿಸಿ ಒಂದು ಮಾತು ಸೇರಿಸುತ್ತಾರೆ: “ಅಕ್ಕಾ, ತಪ್ಪು ತಿಳ್ಕಾಬೇಡಿ, ಊಟದ ಹೊತ್ನಲ್ಲಿ ಮಾತ್ರ ಆ ವಿಸ್ಯ ಬೇಡ!”

ಯಾವ ವಿಷಯ? ಅದೇ ವಿಷಯ! ನಾವೆಲ್ಲ ಬೆಳಗ್ಗೆ ಬಾಗಿಲು ಹಾಕಿಕೊಂಡು, ಮುಗಿಸಿ, ನೀರು ಸುರಿದು ಮರೆತುಬಿಡುವ ವಿಷಯ. ನಮ್ಮ ಪಾಲಿಗೆ ಅದು ಅಲ್ಲಿಗೆ ಮುಗಿಯಿತು. ಚಿಕ್ಕಮ್ಮನ ಪಾಲಿಗೆ ಅಲ್ಲಿಂದಲೇ ಶುರು. ಅದು ಯಾವ ಕೊಳವೆಯಲ್ಲಿ ಹೋಯಿತು, ಎಲ್ಲಿ ತಂಗಿತು, ಎಷ್ಟು ಗಟ್ಟಿಯಾಯಿತು, ಅದರಿಂದ ಎಷ್ಟು ಗ್ಯಾಸ್ ಹುಟ್ಟೀತು ಎಂಬ ಚಿಂತೆಯಲ್ಲಿ ಆಕೆ ತೂಕ ಇಳಿಸಿಕೊಂಡಿದ್ದಾಳೆ.

ಚನ್ನಪಟ್ಟಣದ ಒಂದು ಮದುವೆಯಲ್ಲಿ ನಾನು ಆಕೆಯ ಪಕ್ಕದಲ್ಲೇ ಕೂತಿದ್ದೆ. ಹೆಣ್ಣಿನ ಕಡೆಯ ಯಜಮಾನರು ಹೋಳಿಗೆ ತಟ್ಟೆ ಹಿಡಿದು ಉಪಚಾರಕ್ಕೆ ಬಂದರು. ಚಿಕ್ಕಮ್ಮ ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿ ತೃಪ್ತಿಯಿಂದ ತಲೆದೂಗಿದಳು.

“ಇಷ್ಟು ಜನ ಇಷ್ಟು ಹೋಳಿಗೆ ತಿಂದ್ರೆ ನಾಳೆ ಬೆಳಗ್ಗೆ ಭರ್ಜರಿ ಗ್ಯಾಸ್ ಬತ್ತದೆ ಕಣಪ್ಪ!”

ಯಜಮಾನರು ಗಾಬರಿಯಾದರು. “ಇಲ್ಲ ಅಕ್ಕಾ, ಬೇಳೆ ಚೆನ್ನಾಗಿ ಬೇಯ್ಸಿದ್ದೀವಿ, ಏನೂ ಆಗಲ್ಲ.”

“ಅಯ್ಯೋ, ನಿಮ್ಮ ಹೊಟ್ಟೆ ಗ್ಯಾಸಲ್ಲ ಕಣಪ್ಪ ನಾನೇಳ್ತಿರೋದು. ಊರ ಗ್ಯಾಸು!” ಎಂದು ಚಿಕ್ಕಮ್ಮ ಕೊಳಚೆಯ ರಾಡಿಯ ಪೂರ್ವಾಪರವನ್ನು ಬಿಡಿಸಿ ಹೇಳಿದಳು. ಎದುರು ಸಾಲಿನವರು ಒಬ್ಬೊಬ್ಬರಾಗಿ ಎಲೆ ಮಡಚಿದರು. ಚಿಕ್ಕಮ್ಮ ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.

ಆಕೆ ಮೊದಲಿನಿಂದಲೂ ಹೀಗಿರಲಿಲ್ಲ. ಸಾತನೂರು ಕಡೆಯ ಹಳ್ಳಿಯ ಹುಡುಗಿ. ತವರಿನಲ್ಲಿ ಹಿಪ್ಪುನೇರಳೆ ತೋಟ, ನಡುಮನೆಯಲ್ಲಿ ರೇಷ್ಮೆ ಹುಳ. ಮದುವೆಯಾಗಿ ಬಂದದ್ದು ರಾಮನಗರ ಸೀಮೆಯ ಒಂದು ಪೇಟೆಗೆ. ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿನ ಪುರಸಭೆಯವರಿಗೆ ಬೇಜಾರಾಗುತ್ತದೆ, ಹೇಳದಿದ್ದರೆ ಅಕ್ಕಪಕ್ಕದ ಪುರಸಭೆಯವರಿಗೆಲ್ಲ ಅನುಮಾನ ಬರುತ್ತದೆ. ಬರಲಿ ಬಿಡಿ! ಚಿಕ್ಕಪ್ಪನದು ಸೌದೆ ಡಿಪೋ. ಊರಿನಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್‌ಗಳಿಗೆಲ್ಲ ಗೂಡು ಬೇಯಿಸಲು ಇವರದೇ ಸೌದೆ. ಬೆಳಗಾದರೆ ಅವರ ಸೌದೆ ಲಾರಿಯ ಸದ್ದು, ಆಮೇಲೆ ಊರೆಲ್ಲ ಹೊಗೆ. ಚಿಕ್ಕಪ್ಪ ಆ ಹೊಗೆಯನ್ನು ನೋಡಿ ಎದೆಯುಬ್ಬಿಸುತ್ತಿದ್ದರು.

ಅವರಿಗೆ ಇನ್ನೊಂದು ಆಸೆಯೂ ಇತ್ತು. ಪುರಸಭೆ ಸದಸ್ಯರಾಗಬೇಕು! ಬಿಳಿ ಪ್ಯಾಂಟು, ಬಿಳಿ ಷರ್ಟು ಹೊಲಿಸಿ ಇಸ್ತ್ರಿ ಮಾಡಿಸಿ ಕಾಯುತ್ತಿದ್ದರು. ಚುನಾವಣೆ ಬಂತು, ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಚಿಕ್ಕಪ್ಪ ಎದೆಗುಂದಲಿಲ್ಲ. ಚಿಕ್ಕಮ್ಮನ ಹೆಸರಿನಲ್ಲಿ ಅರ್ಜಿ ಹಾಕಿದರು. ಕರಪತ್ರದಲ್ಲಿ ಅಭ್ಯರ್ಥಿಯ ಫೋಟೋ ಅಂಚೆಚೀಟಿಯಷ್ಟು, ಅಭ್ಯರ್ಥಿಯ ಪತಿಯ ಫೋಟೋ ಅಂಗೈಯಗಲ. ಗೆದ್ದೂಬಿಟ್ಟರು!

ಮೊದಲ ಸಭೆಯ ದಿನ ಚಿಕ್ಕಪ್ಪ ಚಿಕ್ಕಮ್ಮನಿಗಿಂತ ಮುಂಚೆ ಹೋಗಿ ಆಕೆಯ ಕುರ್ಚಿಯಲ್ಲಿ ಕೂತರು. ಅಧಿಕಾರಿ ಕೇಳಿದರು, “ಈ ವಾರ್ಡಿನ ಸದಸ್ಯರು ಯಾರು?”

“ನಾನೇ. ಅಂದ್ರೆ, ಅವಳು. ಅಂದ್ರೆ, ನಾವು.”

ಹಿಂದೆಯೇ ಬಂದ ಚಿಕ್ಕಮ್ಮ ಕುರ್ಚಿಯ ಪಕ್ಕ ನಿಂತು ಬಹಳ ಮೆಲ್ಲಗೆ ಹೇಳಿದಳು. “ಏನ್ರೀ, ಒಲೆ ಮ್ಯಾಲೆ ಕುಕ್ಕರ್ ಇಟ್ಟು ಬಂದಿವ್ನಿ. ಮನೇಗೋಗಿ ಒಸಿ ಆಫ್ ಮಾಡಿ.”

ಚಿಕ್ಕಪ್ಪ ಎದ್ದು ಓಡಿದರು. ಅವರ ರಾಜಕೀಯ ಜೀವನ ಕುಕ್ಕರಿನ ಜೊತೆಗೇ ಆಫ್ ಆಯಿತು.

ಚಿಕ್ಕಮ್ಮನಿಗೆ ಬಂದ ಮೊದಲ ದೂರು ದುರ್ವಾಸನೆಯದು. ಕೆರೆಯಾಚೆ ಪುರಸಭೆಯ ಕೊಳಚೆ ನೀರು ಶುದ್ಧೀಕರಣ ಘಟಕವಿತ್ತು. ಹಿಂದಿನ ಸದಸ್ಯರೆಲ್ಲ ಕಾರಿನ ಗಾಜು ಏರಿಸಿಕೊಂಡೇ ‘ಸ್ಥಳ ಪರಿಶೀಲನೆ’ ನಡೆಸಿ ಬಂದಿದ್ದ ಜಾಗ. ಚಿಕ್ಕಮ್ಮ ಆಟೋದಲ್ಲಿ ಹೋದಳು. ಆಟೋಗೆ ಗಾಜೆಲ್ಲಿದೆ? ಇಳಿದು ಒಳಗೇ ನಡೆದಳು. ಅಲ್ಲಿನ ಎಂಜಿನಿಯರು ಮುಚ್ಚಿದ ಒಂದು ದೊಡ್ಡ ಟ್ಯಾಂಕು ತೋರಿಸಿ, ತಳದಲ್ಲಿ ಉಳಿಯುವ ರಾಡಿಯನ್ನು ಇದರೊಳಗೆ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಗ್ಯಾಸ್ ಕೊಡುತ್ತವೆ, ಹಳ್ಳಿಯ ಗೋಬರ್ ಗ್ಯಾಸಿನ ಹಾಗೆಯೇ ಎಂದು ವಿವರಿಸಿದರು.

“ಜೀವ ಇರೋ ಹುಳಗಳಾ?”

“ಹೌದು ಮೇಡಂ. ಆದ್ರೆ ಕಣ್ಣಿಗೆ ಕಾಣಲ್ಲ.”

“ಈಗ ಏನ್ ಮಾಡ್ತಾ ಅವೆ?”

ಎಂಜಿನಿಯರು ತಲೆ ಕೆರೆದುಕೊಂಡರು. “ಉದ್ಘಾಟನೆಗೆ ಶುರು ಮಾಡಿದ್ವಿ. ಆಮೇಲೆ ಫೀಡ್ ಮಾಡೋದು ನಿಂತೋಯ್ತು.”

“ಅಂದ್ರೆ ಉಪವಾಸ ಕೆಡವಿದ್ದೀರಾ?!”

ರೇಷ್ಮೆ ಹುಳಕ್ಕೆ ಹೊತ್ತಿಗೆ ಸೊಪ್ಪು ಬೀಳದಿದ್ದರೆ ಮನೆಮಂದಿಯೂ ಉಣ್ಣದ ಮನೆಯಲ್ಲಿ ಬೆಳೆದವಳು ಆಕೆ. ಅವತ್ತು ಮನೆಗೆ ಬಂದು ಮಧ್ಯಾಹ್ನದ ಮುದ್ದೆ ಮುಟ್ಟಲಿಲ್ಲ. “ಊರಿಗೆ ಊರೇ ದಿನಾ ಇಷ್ಟು ತಿಂದು ಕಳಿಸ್ತಾ ಅದೆ. ಆ ಹುಳಗಳ ಬಾಯಿಗೆ ಒಂದು ತುತ್ತು ಬೀಳ್ತಾ ಇಲ್ವಲ್ಲ ಕಣ್ ಮಗ!” ಎಂದು ನನ್ನ ಮುಂದೆ ಅಲವತ್ತುಕೊಂಡಳು. ಕಳಿಸುವವರಲ್ಲಿ ನಾನೂ ಒಬ್ಬನಲ್ಲವೆ!

ಘಟಕವನ್ನು ಮತ್ತೆ ಚಾಲೂ ಮಾಡಿ ಗ್ಯಾಸನ್ನು ರೀಲರ್‌ಗಳ ಒಲೆಗೆ ಕೊಡುವ ಪ್ರಸ್ತಾವ ಪುರಸಭೆ ಸಭೆಗೆ ಬಂತು. ಎಂಜಿನಿಯರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು, “ಇದು ಫ್ಲೆಕ್ಸಿಬಲ್ ಗ್ಯಾಸ್ ಉತ್ಪಾದನೆ” ಎಂದರು. ತಕ್ಷಣ ಒಬ್ಬ ಸದಸ್ಯರು ಎದ್ದು ನಿಂತರು.

“ಫ್ಲೆಕ್ಸ್ ಬ್ಯಾನ್ ಆಗೈತೆ ಕಣ್ರೀ! ನನ್ನ ಹುಟ್ಟುಹಬ್ಬದ ಫ್ಲೆಕ್ಸ್ ಕಿತ್ತಾಕ್ದೋರು ನೀವೇ, ಈಗ ಫ್ಲೆಕ್ಸ್ ಯೋಜನೆ ತಂದಿರೋರೂ ನೀವೇನಾ?”

“ಸಾರ್, ಆ ಫ್ಲೆಕ್ಸ್ ಅಲ್ಲ...”

ಇನ್ನೊಬ್ಬರು ಮುಂದಕ್ಕೆ ಬಾಗಿ ಆಸಕ್ತಿಯಿಂದ ಕೇಳಿದರು, “ಫ್ಲೆಕ್ಸಿಬಲ್ ಅಂದ್ರೆ ಟೆಂಡರ್ನಾಗೆ ಒಸಿ ಆ ಕಡೆ ಈ ಕಡೆ ಮಾಡ್ಬೋದು ಅಂತ ಅಲ್ವಾ ಸಾರ್?”

ಆಗ ಚಿಕ್ಕಮ್ಮ ಎದ್ದಳು. “ನಿಮ್ಮ ಮನೇಲಿ ಯಾರೂ ಹುಳ ಸಾಕಿಲ್ವೇನ್ರಪ್ಪ? ರೀಲರ್‌ಗಳಿಗೆ ಗ್ಯಾಸ್ ಯಾವಾಗ ಬೇಕೋ ಅದಕ್ಕೆ ಒಸಿ ಮುಂಚೆ ಹುಳಕ್ಕೆ ಊಟ ಹಾಕೋದು. ಬೇಡದೇ ಇದ್ದಾಗ ಊಟ ಕಮ್ಮಿ ಮಾಡೋದು. ಬಂದ ಗ್ಯಾಸಲ್ಲಿ ಮಿಕ್ಕಿದ್ದನ್ನ ಟ್ಯಾಂಕ್ ಪಕ್ಕದ ಆ ದೊಡ್ಡ ರಬ್ಬರ್ ಬಲೂನಲ್ಲಿ ತುಂಬಿಟ್ಕಳೋದು. ಕರೆಂಟಿನ ಥರ ನಿಲ್ಲಲ್ಲ, ಬಿಸ್ಲಿನ ಥರ ಮೋಡ ಮುಚ್ಕಳಲ್ಲ. ನಾವು ಹೇಳ್ದಂಗೆ ಕೇಳ್ತದೆ. ಇಷ್ಟೇಯ ಫ್ಲೆಕ್ಸಿಬಲ್ಲು!”

ಪ್ರಸ್ತಾವ ಒಪ್ಪಿಗೆಯಾಯಿತು. ಅಷ್ಟರಲ್ಲಿ ಹೊರಗೆ ಬಿರಿಯಾನಿ ಡಬರಿ ಇಳಿಸಿದ ಸದ್ದು ಕೇಳಿಸಿದ್ದೇ ನಿಜವಾದ ಕಾರಣ ಎಂದು ವಿರೋಧಿಗಳು ಇಂದಿಗೂ ಹೇಳುತ್ತಾರೆ.

ಅಲ್ಲಿಂದ ಚಿಕ್ಕಮ್ಮನ ಬಾಯಲ್ಲಿ ಬೇರೆ ಮಾತೇ ಇಲ್ಲ. ಒಮ್ಮೆ ಕನಕಪುರದ ಬಸ್ಸಿನಲ್ಲಿ ಘಟಕದ ಆಪರೇಟರಿಗೆ ಫೋನು ಮಾಡಿದಳು. ಆಕೆಯದು ಬಸ್ಸಿನ ಹಾರನ್ನನ್ನು ಮೀರಿಸುವ ಕಂಠ.

“ಬೆಳಗ್ಗೆ ಊಟ ಕೊಟ್ರಾ? ಮೈ ಬೆಚ್ಚಗೈತಾ? ಗ್ಯಾಸ್ ಸರಾಗವಾಗಿ ಬಿಡ್ತಾ ಐತಾ? ಹುಳಿ ವಾಸ್ನೆ ಬಂದ್ರೆ ಊಟ ನಿಲ್ಸಿ, ಒಸಿ ಸುಣ್ಣದ ನೀರು ಕುಡ್ಸಿ!”

ಪಕ್ಕದ ಸೀಟಿನ ಹೆಂಗಸು ಕನಿಕರದಿಂದ ಆಕೆಯ ತೋಳು ಸವರಿದಳು. “ನಿಮ್ಮ ಅತ್ತೆನಾ ಅಕ್ಕಾ? ವಯಸ್ಸಾದ್ರೆ ಹಂಗೇಯ. ಆದ್ರೂ ಸುಣ್ಣದ ನೀರು ಕುಡಿಸ್ಬೇಡಿ, ಪಾಪ ಬತ್ತದೆ.”

ಚಿಕ್ಕಮ್ಮ ನಿಜ ಸಂಗತಿ ತಿಳಿಸಿದಳು. ಆ ಹೆಂಗಸು ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳಂತೆ. ಕನಕಪುರ ಇನ್ನೂ ದೂರವಿತ್ತು!

ಘಟಕ ಶುರುವಾದ ಮೇಲೆ ಉದ್ಘಾಟನೆ ಆಗಬೇಡವೆ? ಹಿಂದೊಮ್ಮೆ ಆಗಿತ್ತು ನಿಜ. ಆದರೆ ನಮ್ಮಲ್ಲಿ ಉದ್ಘಾಟನೆಯೂ ಫ್ಲೆಕ್ಸಿಬಲ್ಲೇ. ಎಷ್ಟು ಸಲ ಬೇಕಾದರೂ ಆಗುತ್ತದೆ. ಗಣ್ಯರೊಬ್ಬರು ಬರುತ್ತಾರೆಂದು ಶಾಮಿಯಾನ ಎದ್ದಿತು. ಅವರು ಗ್ಯಾಸ್ ಹೊತ್ತಿಸಿದಾಗ ಉರಿ ಆಳೆತ್ತರ ಏಳಬೇಕೆಂದು ಎಲ್ಲರಿಗೂ ಆಸೆ. ಚಿಕ್ಕಮ್ಮನಿಗೂ ಜಂಭ. “ಮನೆಗೆ ನೆಂಟ್ರು ಬಂದಾಗ ಒಸಿ ಜಾಸ್ತಿ ಬಡಿಸಲ್ವಾ?” ಎಂದು ಹಿಂದಿನ ದಿನ ಹುಳಗಳಿಗೆ ಡಬಲ್ ಊಟ ಹಾಕಿಸಿದಳು. ಎಂಜಿನಿಯರು ಬೇಡ ಬೇಡ ಎಂದರೂ ಕೇಳಲಿಲ್ಲ.

ಬೆಳಗ್ಗೆ ಬರಬೇಕಾದ ಗಣ್ಯರು ಸಂಜೆ ಬಂದರು. ಅಷ್ಟು ಹೊತ್ತಿಗೆ ಟ್ಯಾಂಕಿನೊಳಗೆ ಗುಡುಗುಡು ಶುರುವಾಗಿತ್ತು. ಬಿಳಿ ಬಟ್ಟೆ, ಬಿಳಿ ಬೂಟಿನ ಗಣ್ಯರು ಟ್ಯಾಂಕಿನ ಪಕ್ಕವೇ ನಿಂತು ಮೈಕು ಹಿಡಿದು, “ನನ್ನ ಕನಸು ಒಂದೇ. ಈ ಊರಿನಲ್ಲಿ ಅಭಿವೃದ್ಧಿ ಉಕ್ಕಿ ಹರಿಯಬೇಕು!” ಎಂದರು.

ಉಕ್ಕಿ ಹರಿಯಿತು! ಮೇಲಿನ ಕೊಳವೆಯಿಂದ ಕಂದು ಬಣ್ಣದ ನೊರೆ ಬುಸಬುಸ ಎದ್ದು, ಕೆಳಗಿಳಿದು, ಗಣ್ಯರ ಬೂಟನ್ನು ಮುಳುಗಿಸಿ, ಶಾಮಿಯಾನದ ಮೊದಲ ಸಾಲಿನ ಕಡೆ ಹೊರಟಿತು. ಪುರಸಭೆಯ ಇತಿಹಾಸದಲ್ಲಿ ಅಧಿಕಾರಿಗಳು ಅಷ್ಟು ವೇಗವಾಗಿ ಕಾರ್ಯಪ್ರವೃತ್ತರಾದದ್ದನ್ನು ಯಾರೂ ನೋಡಿರಲಿಲ್ಲ. ಎಲ್ಲರೂ ಓಡಿದ ಮೇಲೆ ಉಳಿದವಳು ಚಿಕ್ಕಮ್ಮ ಒಬ್ಬಳೇ. ಟ್ಯಾಂಕಿನ ಗೋಡೆ ಸವರುತ್ತ, “ಅಜೀರ್ಣ ಆಗೋಯ್ತು, ನಂದೇ ತಪ್ಪು” ಎಂದು ಸಮಾಧಾನ ಹೇಳುತ್ತಿದ್ದಳು. ಗಣ್ಯರಿಗಲ್ಲ, ಹುಳಗಳಿಗೆ! ಆಮೇಲೆ ಕೆಲವು ದಿನ ಅವಕ್ಕೆ ಬಾಣಂತಿಯ ಪಥ್ಯ.

ಗ್ಯಾಸೇನೋ ಬಂತು. ಬಳಸುವವರು ಯಾರು? ಗೂಡು ಬೇಯಿಸುವ ಒಲೆಗೆ ಕೊಳವೆ ಎಳೆದುಕೊಡುತ್ತೇವೆಂದರೂ ರೀಲರ್‌ಗಳು ಹಿಂಜರಿದರು. ಅವರ ಭಯವೂ ಸುಳ್ಳಲ್ಲ. ನೂಲಿಗೆ ವಾಸನೆ ಹತ್ತಿದರೆ ಯಾರು ಕೊಳ್ಳುತ್ತಾರೆ? ಚಿಕ್ಕಮ್ಮ ಎಲ್ಲರನ್ನೂ ಘಟಕಕ್ಕೆ ಕರೆಸಿದಳು. ಗ್ಯಾಸು ಕಬ್ಬಿಣದ ಚೂರು ತುಂಬಿದ ಡ್ರಮ್ಮಿನೊಳಗೆ ಹಾದು ವಾಸನೆ ಕಳೆದುಕೊಂಡು ಬರುವುದನ್ನು ತೋರಿಸಿದಳು. ಅದೇ ಗ್ಯಾಸಿನಲ್ಲಿ ಚಹಾ ಮಾಡಿ ಲೋಟಗಳನ್ನು ಜೋಡಿಸಿದಳು. ಯಾರೂ ಕೈ ಚಾಚಲಿಲ್ಲ. ಒಬ್ಬರಿಗೆ ಆ ಕ್ಷಣವೇ ಸಕ್ಕರೆ ಕಾಯಿಲೆ ಬಂತು, ಇನ್ನೊಬ್ಬರು ಚಹಾ ಬಿಟ್ಟು ಬಹಳ ವರ್ಷವಾಗಿತ್ತು.

ಕೊನೆಗೆ ಖಲೀಲ್ ಸಾಬರು ಲೋಟ ಎತ್ತಿದರು. ತಲೆಮಾರಿನಿಂದ ನೂಲು ತೆಗೆಯುವ ಮನೆಯ ಹಿರಿಯರು. ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

“ಹೆಂಗೈತೆ ಸಾಬ್ರೆ?” ಎಂದು ಚಿಕ್ಕಮ್ಮ ಕೇಳಿದಳು.

“ಸಕ್ಕರೆ ಕಮ್ಮಿ, ಬೇಟಿ.”

ಅಷ್ಟೇ! ಮಿಕ್ಕವರೂ ಲೋಟ ಎತ್ತಿದರು. ಮುಂದಿನ ವಾರ ಖಲೀಲ್ ಸಾಬರ ಕಾರ್ಖಾನೆಯಲ್ಲಿ ನೀಲಿ ಉರಿ ಹೊತ್ತಿತು. ಹೊಗೆಯಲ್ಲಿ ಕೆಮ್ಮುತ್ತ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನೂಲು ಬಿಚ್ಚುವ ಬಿಸಿನೀರಿನ ಬೇಸನ್ ಮುಂದೆ ಕೂರುತ್ತಿದ್ದ ಹೆಂಗಸರು ಅವತ್ತು ಕೆಮ್ಮದೆ ಕೂತು, ಮಾತಾಡಿ ಮಾತಾಡಿ ಕೆಲಸ ನಿಧಾನ ಮಾಡಿದರೆಂದು ಸಾಬರು ತಮಾಷೆಗೆ ದೂರಿದರು.

ಫ್ಲೆಕ್ಸಿಬಲ್ಲಿನ ನಿಜವಾದ ಪರೀಕ್ಷೆ ಆಮೇಲೆ. ಗೂಡಿನ ಮಾರ್ಕೆಟ್ಟು ಜೋರಿದ್ದರೆ ಬೆಳಗಿನಿಂದ ಉರಿ ಬೇಕು. ಮಾರ್ಕೆಟ್ಟು ಮಂಕಾದರೆ ಬೇಡ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಒಲೆ ಆರಬೇಕು, ಮುಗಿಯುವ ಹೊತ್ತಿಗೆ ಹೊತ್ತಬೇಕು. ರಂಜಾನ್ ತಿಂಗಳು ಬಂದಾಗ ಕೆಲಸದ ಹೊತ್ತೇ ಬದಲಾಯಿತು. ಚಿಕ್ಕಮ್ಮ ಹುಳಗಳ ಊಟದ ಹೊತ್ತನ್ನೂ ಬದಲಿಸಿದಳು. “ಏನ್ ಬೇಟಿ, ನಿಮ್ಮ ಹುಳಕ್ಕೂ ರೋಜಾ ಹಿಡಿಸಿಬಿಟ್ರಾ?” ಎಂದು ಸಾಬರು ನಕ್ಕರೆ, “ಹೂಂ ಸಾಬ್ರೆ, ಸಂಜೆಗೆ ಅವಕ್ಕೂ ಇಫ್ತಾರು!” ಎಂದಳು.

ಊರೆಲ್ಲ ನಗುತ್ತಿದ್ದಾಗ ನಗದೆ ಉಳಿದವರು ಚಿಕ್ಕಪ್ಪ. ಒಬ್ಬೊಬ್ಬ ರೀಲರ್ ಗ್ಯಾಸಿಗೆ ತಿರುಗಿದಂತೆ ಒಂದೊಂದು ಲಾರಿ ನಿಂತಿತು. ಡಿಪೋದಲ್ಲಿ ಸೌದೆ ರಾಶಿ ಕರಗಲಿಲ್ಲ. ಅದರ ಮೇಲೆ ಬೆಕ್ಕು ಮರಿ ಹಾಕಿತು. ಚಿಕ್ಕಪ್ಪ ಬಂದವರ ಮುಂದೆಲ್ಲ ಹೇಳಿಕೊಂಡರು: “ಎದುರಾಳಿ ಬೇರೆ ಎಲ್ಲೂ ಇಲ್ಲ ಕಣ್ಲಾ, ಒಂದೇ ಮನೇಲಿ ಅವಳೆ. ನನ್ನ ಹೊಟ್ಟೆ ಮ್ಯಾಲೆ ಹೊಡ್ದು ಆ ಕಾಣದ ಹುಳಗಳ ಹೊಟ್ಟೆ ತುಂಬುಸ್ತಾ ಅವಳೆ!”

ಮನೆಯಲ್ಲಿ ಜಗಳ ಆಗಲಿಲ್ಲ; ಅದಕ್ಕಿಂತ ಕಷ್ಟದ್ದು ಆಯಿತು. ಚಿಕ್ಕಪ್ಪ ಮಾತು ಬಿಟ್ಟರು. ಚಿಕ್ಕಮ್ಮ ಹುಳಗಳ ಸುದ್ದಿ ತೆಗೆದರೆ ಟಿ.ವಿ. ದನಿ ಏರಿಸುತ್ತಿದ್ದರು. ಘಟಕದ ರಸ್ತೆಯಲ್ಲಿ ಸ್ಕೂಟರನ್ನೂ ಓಡಿಸುತ್ತಿರಲಿಲ್ಲ. “ಸೌದೆ ಬುಟ್ಟು ಬೇರೆ ಏನಾದ್ರೂ ಮಾರಿ” ಎಂದು ಚಿಕ್ಕಮ್ಮ ಹೇಳಿದ್ದಕ್ಕೆ, “ಏನು, ಗೊಬ್ಬರಾನಾ?” ಎಂದು ಒಂದೇ ಮಾತು ಆಡಿ ಮತ್ತೆ ಮೌನಕ್ಕೆ ಹೋದರು.

ಅವಧಿ ಮುಗಿಯಿತು. ವಾರ್ಡಿನ ಮೀಸಲಾತಿ ಬದಲಾಗಿ ಚಿಕ್ಕಮ್ಮ ಮಾಜಿಯಾದಳು. ಘಟಕಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಹೊಸ ಸದಸ್ಯರು, “ಮಾಜಿಗಳಿಗೆ ಪ್ರವೇಶ ಇಲ್ಲ” ಎಂದು ಬೋರ್ಡು ಹಾಕಿಸಿದರು. ಚಿಕ್ಕಮ್ಮ ಬೋರ್ಡಿಗೆ ಛತ್ರಿ ನೇತುಹಾಕಿ ಒಳಗೆ ಹೋದಳು.

ಕಳೆದ ಮಳೆಗಾಲದಲ್ಲಿ ಆಕೆಗೆ ಡೆಂಗ್ಯೂ ಬಂತು. ಆಸ್ಪತ್ರೆಗೆ ಸೇರಿಸಿದೆವು. ಅದೇ ಹೊತ್ತಿಗೆ ಘಟಕದ ಗುತ್ತಿಗೆ ಬದಲಾಗುವ ಕಾಲ: ಹಳಬರು ಹೋಗಿದ್ದರು, ಹೊಸಬರು ಬಂದಿರಲಿಲ್ಲ, ಯಾರ ಜವಾಬ್ದಾರಿ ಎಂದು ಕಚೇರಿಯಲ್ಲಿ ಚರ್ಚೆ ನಡೆದಿತ್ತು. ಜ್ವರದ ತಾಪದಲ್ಲಿ ಚಿಕ್ಕಮ್ಮ, “ಸೊಪ್ಪು ಹಾಕಿದ್ರಾ? ಹಸ್ಕೊಂಡವೆ” ಎಂದು ಕನವರಿಸುತ್ತಿದ್ದಳು. ಚಿಕ್ಕಪ್ಪ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅಲ್ಲಿ ದನಿ ಏರಿಸಲು ಟಿ.ವಿ. ಇರಲಿಲ್ಲ.

ಬೆಳಗ್ಗೆ ಜ್ವರ ಸ್ವಲ್ಪ ಇಳಿದಿತ್ತು. ಚಿಕ್ಕಪ್ಪನ ಫೋನು ಬಡಿದುಕೊಂಡಿತು. ಆ ಕಡೆ ಖಲೀಲ್ ಸಾಬರು. ಬಲೂನು ನೆಲಕ್ಕೆ ಮಲಗಿದೆ, ಗ್ಯಾಸಿಲ್ಲ, ತಂದ ಗೂಡು ಹಾಗೇ ಕೂತಿದೆ, ಸೌದೆ ಕಳಿಸಿಕೊಡಿ ಎಂದರು. ಮಿಕ್ಕ ರೀಲರ್‌ಗಳೂ ಕೇಳುತ್ತಿದ್ದಾರಂತೆ. ಚಿಕ್ಕಪ್ಪ ತಟ್ಟನೆ ಎದ್ದರು. “ಇವಳನ್ನ ನೋಡ್ಕೊ ಮಗ” ಎಂದು ನನಗೆ ಹೇಳಿ ಹೊರಟೇಹೋದರು. ಚಿಕ್ಕಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗೋಡೆ ಕಡೆ ತಿರುಗಿ ಮಲಗಿದಳು. ನಾನು ಎಳನೀರು ಕೊಟ್ಟರೆ ಬೇಡವೆಂದಳು.

ಮಧ್ಯಾಹ್ನ ದಾಟಿದ ಮೇಲೆ ವಾರ್ಡಿನ ಬಾಗಿಲಲ್ಲಿ ಗಲಾಟೆ. ನರ್ಸಮ್ಮ ಮೂಗಿಗೆ ಕೈ ಅಡ್ಡ ಹಿಡಿದು, “ಹಂಗೆಲ್ಲ ಒಳಗೆ ಬಿಡಕಾಗಲ್ಲ ಯಜಮಾನ್ರೆ!” ಎಂದು ಯಾರನ್ನೋ ತಡೆಯುತ್ತಿದ್ದರು. ನೋಡಿದರೆ ಚಿಕ್ಕಪ್ಪ! ಪಂಚೆ ಮೊಣಕಾಲಿಗೆ ಕಟ್ಟಿದ್ದಾರೆ, ಷರ್ಟಿನ ತುಂಬ ಕಪ್ಪು ರಾಡಿ. ನರ್ಸಮ್ಮನ ಕೈ ತಪ್ಪಿಸಿ ಒಳಗೆ ಬಂದು ಮಂಚದಿಂದ ದೂರದಲ್ಲಿ ನಿಂತರು.

ಚಿಕ್ಕಮ್ಮ ಈ ಕಡೆ ತಿರುಗಲಿಲ್ಲ. “ಸೌದೆ ಕಳ್ಸಿದ್ರಾ?”

“ಇಲ್ಲ ಕಣಮ್ಮಿ.” ಚಿಕ್ಕಪ್ಪ ಏದುಸಿರು ಬಿಡುತ್ತಿದ್ದರು. “ಉಂಡವೆ. ಪಂಪು ಕೆಟ್ಟಿತ್ತು, ಬಕೀಟ್ನಲ್ಲೇ ಹೊತ್ತಾಕ್ದೆ.”

ಚಿಕ್ಕಮ್ಮ ಮೆಲ್ಲಗೆ ತಿರುಗಿದಳು. ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಜಾಸ್ತಿ ಹಾಕ್ಬುಟ್ರಾ?”

“ಒಂದೇ ಸಲಕ್ಕೆ ಹಾಕ್ತಾರೇನೆ? ಹಸ್ದಿರೋವು, ಅಜೀರ್ಣ ಆಯ್ತದೆ. ಒಸಿ ಒಸಿನೇ ಹಾಕ್ದೆ. ಸಂಜೆಗೆ ಇನ್ನೊಂದು ಸಲ ಹೋಗ್ಬೇಕು. ನಾಳೆ ಒಲೆ ಹತ್ತುತ್ತದೆ, ಇವತ್ತೊಂದು ದಿನ ತಡ್ಕಳಿ ಅಂತ ಸಾಬ್ರಿಗೆ ಹೇಳ್ಬುಟ್ಟು ಬಂದಿವ್ನಿ.”

“ಇದೆಲ್ಲ ನಿಮ್ಗೆ ಯಾರೇಳುದ್ರು?”

“ಇಷ್ಟು ವರ್ಷದಿಂದ ಹೇಳ್ತಾನೇ ಇದ್ದೀಯಲ್ಲ,” ಚಿಕ್ಕಪ್ಪ ನೆಲ ನೋಡುತ್ತ ಹೇಳಿದರು. “ನಾನೇನ್ ಕಿವುಡ್ನಾ?”

ಚಿಕ್ಕಮ್ಮ ಸೂಜಿ ಚುಚ್ಚಿರದ ಕೈಯನ್ನು ಅವರ ಕಡೆ ಚಾಚಿದಳು. ಚಿಕ್ಕಪ್ಪ ಹಿಂದೆ ಸರಿದರು. “ಮುಟ್ಬೇಡ ಕಣಮ್ಮಿ, ಇನ್ನೂ ಸ್ನಾನ ಆಗಿಲ್ಲ.”

ಆಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಚಿಕ್ಕಪ್ಪ ಒಮ್ಮೆ ನನ್ನನ್ನು, ಒಮ್ಮೆ ನರ್ಸಮ್ಮನನ್ನು ನೋಡಿದರು. ಆಮೇಲೆ ತಮ್ಮ ಕೈಯನ್ನು ಪಂಚೆಯ ಒಣಗಿದ ಒಂದು ಮೂಲೆಗೆ ಉಜ್ಜಿ ಉಜ್ಜಿ ಒರೆಸಿಕೊಂಡು, ಹತ್ತಿರ ಹೋಗಿ ಕೊಟ್ಟರು.